ಹಳೆ ಪ್ಯಾಕೇಜುಗಳಿಗೆ ನಿವೃತ್ತಿ: ಲಿನಕ್ಸ್ ಲ್ಯಾಬ್ ನೋಡಿಕೊಳ್ಳುವವರಿಗೆ ಒಂದು ಮಾರ್ಗದರ್ಶಿ

ಕಲಬುರಗಿಯಲ್ಲಿ ಮೇ ತಿಂಗಳೆಂದರೆ ಬಿಸಿಲು 40 ದಾಟಿರುತ್ತದೆ, ಕಾಲೇಜು ಖಾಲಿ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನ ಶಹಾಬಾದ್ ಕಲ್ಲಿನ ನೆಲವೂ ಬೆಚ್ಚಗಾಗುತ್ತದೆ. ನಾನು ಬೆಳಿಗ್ಗೆ 7ಕ್ಕೆ ಹೋಗಿ 11ಕ್ಕೆ ಮನೆಗೆ ಬಂದುಬಿಡುತ್ತೇನೆ. ಆ 4 ತಾಸಿಗೆ ಪ್ರತಿ ವರ್ಷ ಒಂದೇ ಕೆಲಸ: 32 ಸಿಸ್ಟಮ್‌ಗಳಲ್ಲಿ ಸುಮ್ನೆ ಕೂತಿರುವ ಹಳೆ ಪ್ಯಾಕೇಜುಗಳನ್ನು, ಅಂದರೆ ಕಟ್ಟಿ ಕೊಟ್ಟ ಪ್ರೋಗ್ರಾಂಗಳನ್ನು, ಹುಡುಕಿ ಕಳಿಸಿಕೊಡುವುದು.

ನಮ್ಮಲ್ಲಿ ಓಡುವುದು ಡೆಬಿಯನ್ 12 ಎಂಬ ಲಿನಕ್ಸ್. ಅದರ ಮೇಲೆ ನಮ್ಮದೇ ಒಂದು ಸಣ್ಣ ರೆಪೊ ಇದೆ. ಕನ್ನಡ ಕೀಬೋರ್ಡ್ ಸೆಟ್ಟಿಂಗ್, ಪ್ರಾಕ್ಟಿಕಲ್‌ಗೆ ಬೇಕಾದ ಸಾಮಾನು, ಅಂಕಪಟ್ಟಿ ಮಾಡುವ ಒಂದು ಪ್ರೋಗ್ರಾಂ, ಇವನ್ನೆಲ್ಲ ಕಟ್ಟಿ ಇಟ್ಟಿರುವ ಜಾಗ ಅದು. ಡೆಬಿಯನ್ ಥರದ ಡಿಸ್ಟ್ರೋ ಅನ್ನುವಷ್ಟು ದೊಡ್ಡದಲ್ಲ. ಆದರೆ ಡಿಸ್ಟ್ರೋ ನಡೆಸುವವರಿಗೆ ಬರುವ ತಲೆನೋವುಗಳೆಲ್ಲ ನಮಗೂ ಬರುತ್ತವೆ. ಪ್ಯಾಕೇಜ್ ಸೇರಿಸುವುದು ಒಂದು ಸಂಜೆಯ ಕೆಲಸ. ಅದನ್ನೇ ಯಾರಿಗೂ ತೊಂದರೆ ಆಗದ ಹಾಗೆ ಹೊರಗೆ ಕಳಿಸಲು ಒಂದು ಸೆಮಿಸ್ಟರ್ ಬೇಕು.

ಶುರು ಮಾಡುವ ಮುಂಚೆ ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲೇ ಹೊಡೆಯಬೇಕು. ಸ್ಪೆಲಿಂಗ್ ಬಗ್ಗೆ ಅನುಮಾನ ಬಂದರೆ ಮೊದಲ ನಾಲ್ಕು ಅಕ್ಷರ ಹೊಡೆದು ಟ್ಯಾಬ್ ಒತ್ತಿ.

ಹಳೆಯದು ಅಂದ್ರೆ ಯಾವುದು?

ಟೆಕ್ ಅನ್ನುವ ಅಚ್ಚುಜೋಡಣೆಯ ಪ್ರೋಗ್ರಾಂ ಶುರುವಾಗಿದ್ದು 1978ರಲ್ಲಿ. ನಮ್ಮ ಹುಡುಗರ ಅಪ್ಪಂದಿರ ವಯಸ್ಸು ಅದಕ್ಕೆ. 2021ರಲ್ಲೂ ಅದರ ತಪ್ಪುಗಳನ್ನು ತಿದ್ದಿ ಹೊಸ ಆವೃತ್ತಿ ಬಂತು. ಅದನ್ನು ತೆಗೆಯುವ ಮಾತೇ ಇಲ್ಲ.

ಹೊಸದನ್ನೂ ಕಣ್ಣುಮುಚ್ಚಿ ನಂಬಬೇಡಿ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಕಂಪ್ರೆಷನ್ ಪ್ಯಾಕೇಜಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದು ಬಯಲಾಯಿತು. ಡೆಬಿಯನ್ 12ರಲ್ಲಿ ಇದ್ದದ್ದು ಹಳೆ 5.4. ಹಾಗಾಗಿ ನಮ್ಮ 32 ಸಿಸ್ಟಮ್‌ಗಳೂ ಬಚಾವಾದವು. ಆ ಪ್ಯಾಕೇಜನ್ನು ವರ್ಷಗಟ್ಟಲೆ ಒಬ್ಬರೇ ನೋಡಿಕೊಂಡು ಸುಸ್ತಾಗಿದ್ದರು. ಕೈಜೋಡಿಸುತ್ತೇನೆ ಅಂತ ಬಂದವನೇ ಆ ಕಿತಾಪತಿ ಮಾಡಿದ್ದ.

ಹಾಗಾಗಿ ನಾನು ವಯಸ್ಸು ನೋಡುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ: ನಾಳೆ ಇದರಲ್ಲಿ ತೂತು ಕಂಡರೆ ಮುಚ್ಚುವವರು ಯಾರು? ಉತ್ತರ ಇದ್ದರೆ ಇರಲಿ. ಯಾರೂ ಇಲ್ಲದಿದ್ದರೆ ಅದು ದಿಕ್ಕಿಲ್ಲದ ಪ್ಯಾಕೇಜ್. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2ನೇ ಆವೃತ್ತಿಗೆ 2020ರ ಜನವರಿ 1ಕ್ಕೆ ಬೆಂಬಲ ಮುಗಿಯಿತು, ಆ ವರ್ಷದ ಏಪ್ರಿಲ್‌ನಲ್ಲಿ ಬಂದ 2.7.18 ಅದರ ಕೊನೆಯ ಆವೃತ್ತಿ. ಫ್ಲ್ಯಾಶ್ ಪ್ಲೇಯರ್‌ಗೆ 2020ರ ಡಿಸೆಂಬರ್ 31 ಕೊನೆ. ಇಂಥವು ಚೆನ್ನಾಗಿಯೇ ಓಡುತ್ತಿರುತ್ತವೆ. ಕಷ್ಟ ಇರುವುದೇ ಅಲ್ಲಿ.

ನಮ್ಮ ಅಂಕಪಟ್ಟಿ ಪ್ರೋಗ್ರಾಂ ಬಗ್ಗೆ ಕಾಮರ್ಸ್ ವಿಭಾಗದ ಮೇಡಂ ಒಬ್ಬರು ಕೇಳಿದ್ದರು, “ಸರ್, ಅದು ಛಲೋ ನಡದದ. ಸುಮ್ನ ಯಾಕ ಕೈ ಹಚ್ಚತೀರಿ?”

“ನಡದದ ಮೇಡಂ. ಆದ್ರ ಅದಕ್ಕ ಹಿಂದ ಮುಂದ ಯಾರೂ ಇಲ್ಲ” ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

1. ಪಟ್ಟಿ ತೆಗೆಯಿರಿ

ಒಂದು ಸಿಸ್ಟಮ್ ಮುಂದೆ ಕೂತು ‘ಆಪ್ಟ್ ಲಿಸ್ಟ್’ (ಆಪ್ಟ್ ಅಂದರೆ ಪ್ಯಾಕೇಜ್ ಹಾಕುವ, ತೆಗೆಯುವ ಕಮಾಂಡ್) ಅಂತ ಹೊಡೆದು, ಮುಂದೆ ಒಂಟಿ ಉದ್ಧರಣ ಚಿಹ್ನೆಗಳ ಒಳಗೆ ಟಿಲ್ಡ ಗುರುತು ಮತ್ತು ಸಣ್ಣ ‘ಓ’ ಅಕ್ಷರ ಹಾಕಿ. ಸಿಸ್ಟಮ್‌ನಲ್ಲಿ ಇದ್ದು, ಈಗಿನ ಯಾವ ರೆಪೊದಲ್ಲೂ ಇಲ್ಲದ ಪ್ಯಾಕೇಜುಗಳೆಲ್ಲ ಬರುತ್ತವೆ. ನಮ್ಮ ಸಿಸ್ಟಮ್‌ಗಳು ಡೆಬಿಯನ್ 10ರಿಂದ 11ಕ್ಕೆ, ಅಲ್ಲಿಂದ 12ಕ್ಕೆ ಏರಿ ಬಂದಂಥವು. ಅಪ್‌ಗ್ರೇಡ್ ಮಾಡಿದಾಗ ಹಳೆಯದು ತಾನಾಗಿ ಹೋಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಪೈಥಾನ್ 2.7 ಡೆಬಿಯನ್ 11ರಲ್ಲಿ ಕೆಲವು ಪ್ಯಾಕೇಜ್ ಕಟ್ಟುವ ಕೆಲಸಕ್ಕೆ ಮಾತ್ರ ಇತ್ತು, 12ರಲ್ಲಿ ಇಲ್ಲವೇ ಇಲ್ಲ. ಆದರೂ ನಮ್ಮ 32ರಲ್ಲೂ ಇತ್ತು.

ಪಟ್ಟಿ ಸಿಕ್ಕ ಖುಷಿಯಲ್ಲಿ ಅದೇ ಗುರುತಿನ ಮುಂದೆ ‘ಪರ್ಜ್’ ಹಾಕಿ ಒಂದೇ ಏಟಿಗೆ ಒರೆಸಲು ಹೋಗಬೇಡಿ. ಕೈಯಿಂದ ಹಾಕಿದ ಪ್ರಿಂಟರ್ ಡ್ರೈವರ್ ಕೂಡ ಅದರಲ್ಲೇ ಇರುತ್ತದೆ, ಯಾಕೆಂದರೆ ಅದೂ ಯಾವ ರೆಪೊದಿಂದ ಬಂದದ್ದಲ್ಲ. ನಿಮ್ಮ ಲೋಕಲ್ ರೆಪೊದ ಸಾಲನ್ನು ಯಾರಾದರೂ ಕಾಮೆಂಟ್ ಮಾಡಿ ಕೆಲಸ ನಿಲ್ಲಿಸಿಟ್ಟಿದ್ದರೆ ನಿಮ್ಮದೇ ಪ್ಯಾಕೇಜುಗಳೂ ಅನಾಥರ ಸಾಲಿನಲ್ಲಿ ನಿಂತಿರುತ್ತವೆ.

ಎರಡನೇ ಪಟ್ಟಿಗೆ ‘ಡೆಬಿಯನ್-ಸೆಕ್ಯೂರಿಟಿ-ಸಪೋರ್ಟ್’ ಎಂಬ ಪ್ಯಾಕೇಜ್ ಹಾಕಿಕೊಂಡು, ‘ಚೆಕ್-ಸಪೋರ್ಟ್-ಸ್ಟೇಟಸ್’ ಓಡಿಸಿ. ರೆಪೊದಲ್ಲಿ ಇದ್ದರೂ ಸುರಕ್ಷತೆಯ ತಿದ್ದುಪಡಿ ನಿಂತುಹೋದವನ್ನು, ಅಥವಾ ಅರೆಬರೆ ಸಿಗುವವನ್ನು ಅದು ಹೇಳುತ್ತದೆ. ಈ ಪಟ್ಟಿ ಚಿಕ್ಕದು. ಆದರೆ ಮೊದಲನೆಯದಕ್ಕಿಂತ ಇದನ್ನೇ ಗಂಭೀರವಾಗಿ ತಗೊಳ್ಳಿ.

ಮೂರನೆಯದು ನಿಮ್ಮದೇ ರೆಪೊ. ನಾವು ಬಳಸುವುದು ‘ರೆಪ್ರೆಪ್ರೊ’. ‘ರೆಪ್ರೆಪ್ರೊ ಲಿಸ್ಟ್’ ಅಂದು ಆವೃತ್ತಿಯ ಹೆಸರು ಕೊಟ್ಟರೆ ಎಲ್ಲ ಬರುತ್ತದೆ. ಪ್ರತಿಯೊಂದರ ಮುಂದೆ ಅದನ್ನು ಕಟ್ಟಿದವರ ಹೆಸರು ಬರೆಯಿರಿ. ನಮ್ಮ ಪಟ್ಟಿಯಲ್ಲಿ ಅರ್ಧಕ್ಕರ್ಧ ಕಾಲೇಜು ಬಿಟ್ಟು ಬೆಂಗಳೂರು, ಹೈದರಾಬಾದ್ ಸೇರಿದ ಹುಡುಗರ ಹೆಸರುಗಳು.

ಇನ್ನೊಂದು ಸಣ್ಣ ವಿಷಯ. ಹಳೆ 32 ಬಿಟ್ ಸಿಸ್ಟಮ್‌ಗಳಿದ್ದರೆ ಈಗಲೇ ಬೇರೆ ಗುಂಪು ಮಾಡಿ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅವಕ್ಕೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಅಲ್ಲಿ ನಿವೃತ್ತಿ ಪ್ಯಾಕೇಜಿಗಲ್ಲ, ಪೂರ್ತಿ ಪೆಟ್ಟಿಗೆಗೇ.

2. ಯಾರು ಯಾರನ್ನು ನೆಚ್ಚಿಕೊಂಡಿದ್ದಾರೆ ನೋಡಿ

‘ಆಪ್ಟ್-ಕ್ಯಾಶ್ ಆರ್‌ಡಿಪೆಂಡ್ಸ್’ಗೆ ‘ಇನ್‌ಸ್ಟಾಲ್ಡ್’ ಎಂಬ ಆಯ್ಕೆ ಸೇರಿಸಿ ಪ್ಯಾಕೇಜಿನ ಹೆಸರು ಕೊಡಿ. ಈ ಸಿಸ್ಟಮ್‌ನಲ್ಲಿ ಅದರ ಮೇಲೆ ನಿಂತಿರುವ ಪ್ಯಾಕೇಜುಗಳ ಹೆಸರು ಬರುತ್ತದೆ. ಒಂದು ಎಚ್ಚರ: ಇಲ್ಲದಿದ್ದರೆ ಓಡುವುದೇ ಇಲ್ಲ ಅನ್ನುವವು, ಇದ್ದರೆ ಒಳ್ಳೆಯದು ಅನ್ನುವವು, ಎರಡೂ ಒಂದೇ ಸಾಲಿನಲ್ಲಿ ಬರುತ್ತವೆ. ಉದ್ದ ಪಟ್ಟಿ ನೋಡಿ ಗಾಬರಿ ಆಗಬೇಡಿ.

ಇಷ್ಟು ಆಪ್ಟ್‌ಗೆ ಗೊತ್ತಿರುವುದು. ಅದಕ್ಕೆ ಗೊತ್ತಿಲ್ಲದ್ದು ಹೋಮ್ ಫೋಲ್ಡರ್‌ಗಳಲ್ಲಿ ಇರುತ್ತದೆ. ಯಾರೋ ಬರೆದಿಟ್ಟ ಸ್ಕ್ರಿಪ್ಟ್, ಡೆಸ್ಕ್‌ಟಾಪ್ ಮೇಲಿನ ಶಾರ್ಟ್‌ಕಟ್, ರಾತ್ರಿ 2ಕ್ಕೆ ತಾನಾಗಿ ಓಡುವ ಕ್ರಾನ್ ಸಾಲು. ಕಡತದೊಳಗೆ ಪದ ಹುಡುಕುವ ‘ಗ್ರೆಪ್’ ಹಿಡಿದು ಹೋಮ್, ಯುಎಸ್‌ಆರ್ ಲೋಕಲ್ ಬಿನ್, ಕ್ರಾನ್ ಫೋಲ್ಡರ್‌ಗಳನ್ನೆಲ್ಲ ಜಾಲಾಡಿ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬರೇ ‘ಪೈಥಾನ್’ ಅಂತಿದ್ದರೆ ಅದು 2ನೇ ಆವೃತ್ತಿಯ ಕಾಲದ್ದು ಅಂತಲೇ ಲೆಕ್ಕ ಹಾಕಿ.

ಎಷ್ಟು ದಿನದಿಂದ ಬಳಸಿಲ್ಲ ಅಂತ ನೋಡುವುದಕ್ಕೆ ‘ಎಲ್‌ಎಸ್’ಗೆ ಎಲ್ ಮತ್ತು ಯು ಆಯ್ಕೆ ಕೊಟ್ಟರೆ ಕಡತವನ್ನು ಕೊನೆಗೆ ಓದಿದ ದಿನ ಸಿಗುತ್ತದೆ. ಇದನ್ನು ನಂಬಿ ನಾನು ಒಮ್ಮೆ ಕೆಟ್ಟಿದ್ದೇನೆ. ಮೂರು ತಿಂಗಳಿಂದ ಯಾರೂ ಮುಟ್ಟಿಲ್ಲ ಅಂತ ಕಂಡದ್ದು ಅಂಕಪಟ್ಟಿ ಪ್ರೋಗ್ರಾಂ. ಅದು ಬೇಕಾಗುವುದೇ ವರ್ಷಕ್ಕೆ ಎರಡು ಸಲ, ಇಂಟರ್ನಲ್ ಮಾರ್ಕ್ಸ್ ಕಳಿಸುವಾಗ! ಕಾಲೇಜಿನಲ್ಲಿ ಯಾವ ಪ್ರೋಗ್ರಾಂ ಸತ್ತಿದೆ ಅಂತ ಹೇಳಲು ಕನಿಷ್ಠ ಒಂದು ಪೂರ್ತಿ ವರ್ಷ ನೋಡಬೇಕು.

ಆಮೇಲೆ ಎದ್ದು ಹೋಗಿ ಬಾಯಿ ಬಿಟ್ಟು ಕೇಳಿ. ಪರೀಕ್ಷಾ ವಿಭಾಗದವರನ್ನು, ಲೈಬ್ರರಿಯವರನ್ನು, ಆಫೀಸಿನವರನ್ನು. ಹೆಸರು ಹೇಳಿ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. “ಆ ಹಸಿರು ಬಟನ್ ಒತ್ತಿದ್ರ ಲಿಸ್ಟ್ ಬರ್ತದಲ್ಲ, ಅದು” ಅನ್ನುವ ಭಾಷೆಯಲ್ಲೇ ಕೇಳಬೇಕು.

3. ಬದಲಿ ಸಿದ್ಧ ಮಾಡಿ, ಹಳೆಯದರ ಪಕ್ಕದಲ್ಲಿಟ್ಟು ಓಡಿಸಿ

ಇದು ಹೆಚ್ಚು ದಿನ ತಗೊಳ್ಳುವ ಹೆಜ್ಜೆ. ನಮ್ಮ ಅಂಕಪಟ್ಟಿ ಪ್ರೋಗ್ರಾಂ ಕಥೆ ಪೂರ್ತಿ ಹೇಳಿಬಿಡುತ್ತೇನೆ, ಪೈಥಾನ್ 2 ಇರುವ ಕಡೆಯೆಲ್ಲ ಇದೇ ಆಗುವುದು.

ಅದನ್ನು ಪೈಥಾನ್ 2ರಲ್ಲಿ ಬರೆದದ್ದು ನಮ್ಮದೇ ಹಳೆ ವಿದ್ಯಾರ್ಥಿ. 200 ಸಾಲು ಕೂಡ ಇಲ್ಲ. ಎರಡು ಟೆಸ್ಟಿನ ಅಂಕ ಕೂಡಿಸಿ, 2ರಿಂದ ಭಾಗಿಸಿ, ಹೆಸರಿನ ಮುಂದೆ ಅಚ್ಚು ಹಾಕುತ್ತದೆ, ಅಷ್ಟೇ. ಡೆಬಿಯನ್ 12ರಲ್ಲಿ ಪೈಥಾನ್ 2ರ ಕೋಡನ್ನು 3ಕ್ಕೆ ತಿರುಗಿಸುವ ‘2ಟು3’ ಎಂಬ ಉಪಕರಣ ಇನ್ನೂ ಸಿಗುತ್ತದೆ, ಪೈಥಾನ್ 3.13ರಲ್ಲಿ ಅದನ್ನೂ ತೆಗೆದಿದ್ದಾರೆ. ಡೆಬಿಯನ್ 13ರಲ್ಲಿ ಇರುವುದು 3.13. ಹಾಗಾಗಿ ಈ ಕೆಲಸ 12ರಲ್ಲಿ ಇರುವಾಗಲೇ ಮುಗಿಸಿ. ಉಪಕರಣ ಓಡಿಸಿದೆ. ‘ಪ್ರಿಂಟ್’ಗಳಿಗೆಲ್ಲ ಕಂಸ ಹಾಕಿ ಕೊಟ್ಟಿತು. ಪ್ರೋಗ್ರಾಂ ಓಡಿತು, ಒಂದೂ ಎರರ್ ಇಲ್ಲ.

ಮೂರು ವರ್ಷದ ಹಳೆ ಅಂಕಗಳ ಕಡತ ಇಟ್ಟುಕೊಂಡು ಹಳೆ ಪ್ರೋಗ್ರಾಂ ಒಮ್ಮೆ, ಹೊಸದು ಒಮ್ಮೆ ಓಡಿಸಿ, ಎರಡರ ಫಲಿತಾಂಶವನ್ನು ವ್ಯತ್ಯಾಸ ತೋರಿಸುವ ‘ಡಿಫ್’ಗೆ ಕೊಟ್ಟೆ. ಪರದೆ ತುಂಬ ಸಾಲುಗಳು ಬಂದವು.

ಒಬ್ಬ ಹುಡುಗಿಗೆ ಟೆಸ್ಟ್‌ಗಳಲ್ಲಿ 15 ಮತ್ತು 18. ಮೊತ್ತ 33. ಪೈಥಾನ್ 2ರಲ್ಲಿ 33ನ್ನು 2ರಿಂದ ಭಾಗಿಸಿದರೆ 16 ಬರುತ್ತದೆ. ಪೂರ್ಣಾಂಕಗಳ ಭಾಗಾಕಾರದಲ್ಲಿ ಅದು ಅರ್ಧವನ್ನು ಬಿಟ್ಟುಬಿಡುತ್ತದೆ. ಪೈಥಾನ್ 3ರಲ್ಲಿ 16.5. ಸರಿ, ‘ರೌಂಡ್’ ಹಾಕೋಣ ಅಂದುಕೊಂಡರೆ ಇನ್ನೊಂದು ಗೊಂದಲ. ಪೈಥಾನ್ 3ರ ‘ರೌಂಡ್’ ಸರೀ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 16.5 ಇದ್ದವಳಿಗೆ 16, 17.5 ಇದ್ದವನಿಗೆ 18. ಒಬ್ಬಳಿಗೆ ಅರ್ಧ ಕಿತ್ತುಕೊಂಡು ಇನ್ನೊಬ್ಬನಿಗೆ ಅರ್ಧ ಕೊಟ್ಟ ಹಾಗೆ! ಸ್ಟಾಫ್ ರೂಮಿನಲ್ಲಿ ಇದನ್ನು ವಿವರಿಸಲು ನನ್ನಿಂದ ಆಗಲಿಲ್ಲ. ಮೊದಲು ಹೇಳಿದ ಮೇಡಂ ಹಳೆ ಪ್ರಿಂಟ್ ತೆಗೆದು ನೋಡಿ, “ಅಂದ್ರ ಇಷ್ಟ್ ವರ್ಷ ಇದು ಹುಡುಗ್ರ ಅರ್ಧ ಮಾರ್ಕ್ ನುಂಗೇದ?” ಅಂದರು.

ನುಂಗಿತ್ತು. ಛಲೋ ನಡೆದಿದ್ದ ಪ್ರೋಗ್ರಾಂ ಅದು.

ಅರ್ಧ ಬಂದರೆ ಮೇಲಕ್ಕೆ ಅಂತ ವಿಭಾಗದವರು ತೀರ್ಮಾನಿಸಿ ಬರೆದುಕೊಟ್ಟರು. ಅದಕ್ಕೆ ‘ರೌಂಡ್’ ಬೇಡವೇ ಬೇಡ. ಮೊತ್ತಕ್ಕೆ 1 ಕೂಡಿಸಿ, ಎರಡು ಓರೆಗೆರೆಯ (//), ಅಂದರೆ ಅರ್ಧ ಬಿಟ್ಟುಬಿಡುವ, ಭಾಗಾಕಾರದಿಂದ 2ರಿಂದ ಭಾಗಿಸಿದರೆ ಆಯಿತು. 33 ಇದ್ದರೆ 17, 34ಕ್ಕೂ 17, 35ಕ್ಕೆ 18. ಇಂಥ ತೀರ್ಮಾನವನ್ನು ಲ್ಯಾಬಿನವರು ತಾವೇ ತಗೊಳ್ಳಬಾರದು. ನಿಯಮ ಹೇಳಬೇಕಾದವರು ಹೇಳಲಿ, ನಾವು ಕೋಡ್ ಬರೆಯೋಣ.

ಇನ್ನೊಂದು ವ್ಯತ್ಯಾಸ ಹೆಸರುಗಳಲ್ಲಿ ಕಂಡಿತು. ‘ಕಲಬುರಗಿ’ ಅಂತ ಬರೆದರೆ ಕಣ್ಣಿಗೆ ಕಾಣುವುದು 5 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 7, ಕೊಂಬು ಮತ್ತು ಗುಡಿಸು ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ಡಿಸ್ಕಿನಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 21. ಪೈಥಾನ್ 2 ಮಾಮೂಲಿಯಾಗಿ ಬೈಟ್ ಎಣಿಸುತ್ತದೆ. ಹೆಸರಿನ ಕಾಲಂ 24ಕ್ಕೆ ಕತ್ತರಿಸು ಅಂತ ಆ ಹುಡುಗ ಬರೆದಿದ್ದ. ಇಂಗ್ಲಿಷ್ ಹೆಸರಿಗೆ ಅದು ಸಾಕು. ಕನ್ನಡದ ಹೆಸರು 8 ಚಿಹ್ನೆ ದಾಟಿದರೆ ತುಂಡು. ನಡುವೆ ಒಂದು ಸ್ಪೇಸ್ ಬಂದರಂತೂ ಮೂರರ ಲೆಕ್ಕ ತಪ್ಪಿ, ಅಕ್ಷರ ಅರ್ಧಕ್ಕೇ ಕಡಿದು ಕೊನೆಯಲ್ಲಿ ಪ್ರಶ್ನಾರ್ಥಕದ ಗುರುತು ಬರುತ್ತಿತ್ತು. ಅದಕ್ಕೇ ಪರೀಕ್ಷಾ ವಿಭಾಗದವರು ಎಲ್ಲ ಹೆಸರುಗಳನ್ನೂ ಇಂಗ್ಲಿಷಿನಲ್ಲಿ ಹೊಡೆಯುತ್ತಿದ್ದರಂತೆ. ಯಾರೂ ಬಂದು ದೂರಿರಲಿಲ್ಲ. ಕಂಪ್ಯೂಟರ್ ಅಂದ್ರೆ ಹಾಗೇ ಅಂದುಕೊಂಡಿದ್ದರು. ಪೈಥಾನ್ 3 ಚಿಹ್ನೆ ಎಣಿಸುತ್ತದೆ, ಕಾಲಂ 40ಕ್ಕೆ ಏರಿಸಿದೆವು. ಈಗ ಪಟ್ಟಿ ಕನ್ನಡದಲ್ಲೇ ಬರುತ್ತದೆ.

4. ದಿನಾಂಕ ಹೇಳಿ

ಬದಲಿ ಸಿದ್ಧವಾದ ಮೇಲೆ ಹಳೆಯದರ ಕೊನೆ ದಿನ ಯಾವುದು ಅಂತ ಹೇಳಬೇಕು. ‘ಮುಂದೆ ತೆಗೆಯಲಾಗುವುದು’ ಅಂದರೆ ಯಾರೂ ಓದುವುದಿಲ್ಲ. ದಿನಾಂಕ ಬರೆಯಿರಿ. ಜೆಂಟೂ ಎಂಬ ಇನ್ನೊಂದು ಲಿನಕ್ಸ್ ನಡೆಸುವವರು ಪ್ಯಾಕೇಜನ್ನು ಮೊದಲು ಮಾಸ್ಕ್ ಮಾಡಿ, ಅಂದರೆ ಯಾರೂ ಹೊಸದಾಗಿ ಹಾಕಿಕೊಳ್ಳದಂತೆ ತಡೆದು, ಸಾಮಾನ್ಯವಾಗಿ 30 ದಿನ ಕಾದು ತೆಗೆಯುತ್ತಾರೆ. ಆ ಸೂಚನೆಗೆ ಅವರಿಟ್ಟ ಹೆಸರೇ ‘ಲಾಸ್ಟ್ ರೈಟ್ಸ್’, ಅಂತ್ಯಸಂಸ್ಕಾರ ಅಂತ ಅರ್ಥ. ಫೆಡೊರಾ ಎಂಬ ಲಿನಕ್ಸಿನಲ್ಲಿ ನೋಡಿಕೊಳ್ಳುವವರು ಕೈಬಿಟ್ಟ ಪ್ಯಾಕೇಜಿಗೆ 6 ವಾರ ಟೈಮ್. ಅಷ್ಟರಲ್ಲಿ ಯಾರೂ ಎತ್ತಿಕೊಳ್ಳದಿದ್ದರೆ ನಿವೃತ್ತಿ.

ನಮ್ಮಲ್ಲಿ ಒಂದು ಸೆಮಿಸ್ಟರ್ ಕೊಡುತ್ತೇವೆ. ಪರೀಕ್ಷೆಯ ಹಿಂದಿನ 15 ದಿನ ಮತ್ತು ಪರೀಕ್ಷೆ ಮುಗಿಯುವ ತನಕ ಏನನ್ನೂ ತೆಗೆಯುವುದಿಲ್ಲ. ನೋಟಿಸನ್ನು ಲ್ಯಾಬಿನ ಬಾಗಿಲಿಗೆ, ಪರದೆಯ ಲಾಗಿನ್ ಸಂದೇಶಕ್ಕೆ, ಸ್ಟಾಫ್ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಬಾಗಿಲಿನದ್ದನ್ನೇ ಹೆಚ್ಚು ಜನ ಓದುತ್ತಾರೆ.

5. ತೆಗೆಯುವ ಕ್ರಮ: ಮೊದಲು ಮೇಲಿನದು

ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ.

32 ಸಿಸ್ಟಮ್‌ಗಳಿಗೂ ಒಂದೇ ಸಾಮಾನು ಬರಲಿ ಅಂತ ‘ಈಕ್ವಿವ್ಸ್’ ಬಳಸಿ ಒಂದು ಮೆಟಾಪ್ಯಾಕೇಜ್ ಕಟ್ಟಿದ್ದೆ. ಅದರೊಳಗೆ ಏನೂ ಇಲ್ಲ, ಬರೇ ‘ಇವೆಲ್ಲ ಬೇಕು’ ಅನ್ನುವ ಪಟ್ಟಿ: ಲಿಬ್ರೆಆಫೀಸ್, ಸಿ ಭಾಷೆಯ ಕಂಪೈಲರ್ ಜಿಸಿಸಿ, ಜೀನಿ ಎಡಿಟರ್, ಹೀಗೆ. ಒಂದು ದಿನ ಆ ಪಟ್ಟಿಯಲ್ಲಿದ್ದ ಒಂದು ಹಳೆ ಪ್ಯಾಕೇಜನ್ನು ಪ್ರತಿ ಸಿಸ್ಟಮ್‌ನಲ್ಲೂ ‘ಆಪ್ಟ್ ರಿಮೂವ್’ ಮಾಡಿದೆ. ಆಪ್ಟ್ ಹೇಳಿತು, ಇದನ್ನು ತೆಗೆದರೆ ಮೆಟಾಪ್ಯಾಕೇಜೂ ಹೋಗುತ್ತದೆ. ಖಾಲಿ ಪ್ಯಾಕೇಜ್ ತಾನೇ, ಹೋಗಲಿ ಅಂತ ‘ವೈ’ ಒತ್ತಿದೆ. ಪಟ್ಟಿಯಲ್ಲಿದ್ದ ಉಳಿದವೆಲ್ಲ ಆ ಕ್ಷಣದಿಂದ ‘ಯಾರಿಗೂ ಬೇಡವಾದವು’ ಆದವು. ರಾತ್ರಿ ತಾನಾಗಿ ಅಪ್‌ಡೇಟ್ ಆಗುವ ‘ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್’ನಲ್ಲಿ, ಬೇಡವಾದದ್ದನ್ನು ತೆಗೆದುಬಿಡು ಅಂತ ನಾನೇ ಆನ್ ಮಾಡಿಟ್ಟಿದ್ದೆ. ಮರುದಿನ ಬೆಳಿಗ್ಗೆ ಸಿ ಪ್ರಾಕ್ಟಿಕಲ್. ಮೊದಲ ಬ್ಯಾಚಿನ ಹುಡುಗ ಬಂದು, “ಸರ್, ಜಿಸಿಸಿ ಸಿಗವಲ್ದು” ಅಂದ. ಎರಡನೆಯವನೂ ಅದೇ ಅಂದ. 32 ಸಿಸ್ಟಮ್‌ಗಳಲ್ಲೂ ಅದೇ ಕಥೆ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಮೆಟಾಪ್ಯಾಕೇಜಿನ ಪಟ್ಟಿಯಿಂದ ಹೆಸರು ತೆಗೆದು, ಆವೃತ್ತಿ ಸಂಖ್ಯೆ ಏರಿಸಿ, ಹೊಸದಾಗಿ ಕಟ್ಟಿ ರೆಪೊಗೆ ಹಾಕಿ. ಅದು ಎಲ್ಲ ಸಿಸ್ಟಮ್‌ಗಳಿಗೂ ತಲುಪಿದೆ ಅಂತ ನೋಡಿ. ಆಮೇಲೆ ಹಳೆ ಪ್ಯಾಕೇಜ್ ಮುಟ್ಟಿ. ಮೆಟಾಪ್ಯಾಕೇಜಿನ ವಿವರ ಬರೆದಿರುವ ಕಂಟ್ರೋಲ್ ಕಡತದಲ್ಲಿ ‘ಸೆಕ್ಷನ್’ ಎಂಬಲ್ಲಿ ‘ಮೆಟಾಪ್ಯಾಕೇಜಸ್’ ಅಂತ ಬರೆಯುವುದನ್ನೂ ಮರೆಯಬೇಡಿ. ಹಾಗೆ ಬರೆದರೆ ಅದರ ಪಟ್ಟಿಯಲ್ಲಿರುವವನ್ನು ಆಪ್ಟ್ ಬೇಡವಾದವು ಅಂತ ಎಣಿಸುವುದಿಲ್ಲ. ಈಕ್ವಿವ್ಸ್ ಕೊಡುವ ಮಾದರಿಯಲ್ಲಿ ‘ಮಿಸ್ಕ್’ ಅಂತ ಇರುತ್ತದೆ. ನಾನು ಅದನ್ನು ಹಾಗೇ ಬಿಟ್ಟಿದ್ದೆ.

ಯಾವುದನ್ನೇ ತೆಗೆಯುವ ಮುಂಚೆ ‘ಆಪ್ಟ್’ಗೆ ಎಸ್ ಆಯ್ಕೆ ಕೊಟ್ಟು ಸುಳ್ಳು ಸುಳ್ಳೇ ಓಡಿಸಿ. ನಿಜವಾಗಿ ಏನೂ ಆಗುವುದಿಲ್ಲ, ಏನೇನು ಹೋಗುತ್ತದೆ ಅಂತ ಮಾತ್ರ ತೋರಿಸುತ್ತದೆ. ‘ರೆಮ್‌ವ್’ ಅಂತ ಶುರುವಾಗುವ ಸಾಲುಗಳನ್ನು ಎಣಿಸಿ. ಒಂದು ತೆಗೆಯಲು ಹೋಗಿ ಹತ್ತು ಸಾಲು ಬಂದರೆ ನಿಲ್ಲಿಸಿ, ಚಹಾ ಕುಡಿದು ಬಂದು ಓದಿ.

ಹೆಸರು ಬದಲಾದ ಪ್ಯಾಕೇಜಿಗೆ ಬೇರೆ ಉಪಾಯ. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಕಲಬುರಗಿ ಆಯಿತು. ಊರಿನ ಬೋರ್ಡು ಬದಲಾಯಿತು, ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರು ಹಾಗೇ ಉಳಿಯಿತು. ಹಳೆ ಹೆಸರು ಬರೆದು ಹಾಕಿದ ಕಾಗದವೂ ಊರಿಗೆ ಬಂದು ಸೇರುತ್ತದೆ. ಡೆಬಿಯನ್‌ನಲ್ಲಿ ‘ಟಿಟಿಎಫ್-ದೇಜಾವು’ ಎಂಬ ಫಾಂಟ್ ಪ್ಯಾಕೇಜ್ ‘ಫಾಂಟ್ಸ್-ದೇಜಾವು’ ಆದಾಗ ಮಾಡಿದ್ದೂ ಇದನ್ನೇ. ಹಳೆ ಹೆಸರಿನ ಖಾಲಿ ಪ್ಯಾಕೇಜ್ ಇಟ್ಟು, ಹೊಸದನ್ನು ಕರೆದುಕೊಂಡು ಬರುವಷ್ಟೇ ಕೆಲಸ ಅದಕ್ಕೆ ಕೊಟ್ಟರು. ಇದಕ್ಕೆ ಟ್ರಾನ್ಸಿಷನಲ್ ಪ್ಯಾಕೇಜ್ ಅಂತಾರೆ. ಹಳೆಯದರ ‘ಡಿಪೆಂಡ್ಸ್’ನಲ್ಲಿ ಹೊಸದರ ಹೆಸರು, ‘ಸೆಕ್ಷನ್’ನಲ್ಲಿ ‘ಓಲ್ಡ್‌ಲಿಬ್ಸ್’. ಹೊಸದರಲ್ಲಿ ‘ಬ್ರೇಕ್ಸ್’ ಮತ್ತು ‘ರಿಪ್ಲೇಸಸ್’ ಎರಡರಲ್ಲೂ ಹಳೆಯದರ ಹೆಸರು, ಯಾವ ಆವೃತ್ತಿಗಿಂತ ಕೆಳಗಿನದು ಅಂತ ಗುರುತು ಹಾಕಿ. ಇಲ್ಲದಿದ್ದರೆ ಒಂದೇ ಕಡತಕ್ಕೆ ಎರಡು ಪ್ಯಾಕೇಜ್ ಜಗಳ ಆಡಿ, ಆಪ್ಟ್ ಪರವಾಗಿ ಪ್ಯಾಕೇಜ್ ಬಿಚ್ಚಿ ಹಾಕುವ ಡಿಪಿಕೆಜಿ ಅರ್ಧಕ್ಕೇ ನಿಲ್ಲುತ್ತದೆ. ಡೆಬಿಯನ್‌ನಲ್ಲಿ ಒಂದು ಆವೃತ್ತಿ ಬಿಟ್ಟು ಇನ್ನೊಂದಕ್ಕೆ ಹಾರುವಂತಿಲ್ಲ. ಹಾಗಾಗಿ ಈ ಖಾಲಿ ಪ್ಯಾಕೇಜನ್ನು ಒಂದು ಆವೃತ್ತಿಯ ಕಾಲ ಇಟ್ಟರೆ ಸಾಕು.

6. ರೆಪೊದಿಂದ ತೆಗೆದರೆ ಸಿಸ್ಟಮ್‌ನಿಂದ ಹೋಗುವುದಿಲ್ಲ

ಬಹಳ ಜನ ಇಲ್ಲೇ ಎಡವುತ್ತಾರೆ. ‘ರೆಪ್ರೆಪ್ರೊ ರಿಮೂವ್’ ಅಂದರೆ ಪ್ಯಾಕೇಜ್ ರೆಪೊದಿಂದ ಹೋಯಿತು, ಅಷ್ಟೇ. 32 ಸಿಸ್ಟಮ್‌ಗಳಲ್ಲಿ ಅದು ಆರಾಮಾಗಿ ಇರುತ್ತದೆ. ಅಪ್‌ಡೇಟ್ ಬರುವುದಿಲ್ಲ, ಯಾರಿಗೂ ಸುದ್ದಿಯೂ ಬರುವುದಿಲ್ಲ.

ನಿಜವಾಗಿ ಹೊರಗೆ ಹಾಕಬೇಕಾದರೆ ಮೆಟಾಪ್ಯಾಕೇಜಿನ ಹೊಸ ಆವೃತ್ತಿಯಲ್ಲಿ ‘ಕಾನ್‌ಫ್ಲಿಕ್ಟ್ಸ್’ ಎಂಬಲ್ಲಿ ಅದರ ಹೆಸರು ಬರೆಯಿರಿ. ಪೈಥಾನ್ 2ಕ್ಕೆ ನಾವು ‘ಪೈಥಾನ್2.7-ಮಿನಿಮಲ್’ ಅಂತ ಬರೆದೆವು. ಬುಡ ಅಲುಗಿಸಿದರೆ ಮೇಲಿನವೂ ಬೀಳುತ್ತವೆ. ಆದರೆ ಬರೀ ‘ಆಪ್ಟ್ ಅಪ್‌ಗ್ರೇಡ್’ ಯಾವ ಪ್ಯಾಕೇಜನ್ನೂ ತೆಗೆಯುವುದಿಲ್ಲ. ಮೆಟಾಪ್ಯಾಕೇಜನ್ನೇ ಹಳೆ ಆವೃತ್ತಿಯಲ್ಲಿ ತಡೆದು ನಿಲ್ಲಿಸುತ್ತದೆ. ‘ಆಪ್ಟ್ ಫುಲ್-ಅಪ್‌ಗ್ರೇಡ್’ ಕೊಡಬೇಕು. ಅದನ್ನು ಒಂದು ಸಿಸ್ಟಮ್‌ನಲ್ಲಿ ನೋಡಿ, ಒಂದು ವಾರ ಬಿಟ್ಟು, ಆಮೇಲೆ ಉಳಿದ 31ಕ್ಕೆ. ಫೆಡೊರಾದಲ್ಲಿ ಇದೇ ಕೆಲಸಕ್ಕೆ ‘ಫೆಡೊರಾ-ಅಬ್ಸೊಲೀಟ್-ಪ್ಯಾಕೇಜಸ್’ ಅಂತ ಒಂದು ಪ್ಯಾಕೇಜೇ ಇದೆ, ತೊಂದರೆ ಕೊಡುವ ಹಳಬರನ್ನು ಅಪ್‌ಗ್ರೇಡ್ ಹೊತ್ತಿನಲ್ಲಿ ಹೊರಗೆ ದಾಟಿಸಲಿಕ್ಕೆ.

‘ರಿಮೂವ್’ ಮಾಡಿದ ಮೇಲೂ ಸೆಟ್ಟಿಂಗ್ ಕಡತಗಳು ಉಳಿಯುತ್ತವೆ. ಮೊದಲ ಹೆಜ್ಜೆಯ ಟಿಲ್ಡ ಗುರುತಿಗೆ ‘ಓ’ ಬದಲು ‘ಸಿ’ ಹಾಕಿದರೆ ಆ ಪಟ್ಟಿ ಬರುತ್ತದೆ. ‘ಪರ್ಜ್’ ಅವನ್ನೂ ತೆಗೆಯುತ್ತದೆ, ಹೋಮ್ ಫೋಲ್ಡರ್ ಮಾತ್ರ ಮುಟ್ಟುವುದಿಲ್ಲ. ಡೇಟಾಬೇಸ್ ಪ್ಯಾಕೇಜ್ ಇದ್ದರೆ ಹುಷಾರು. ಮಾರಿಯಾಡಿಬಿ ಸರ್ವರ್ ಪರ್ಜ್ ಮಾಡುವಾಗ, ಇರುವ ಡೇಟಾಬೇಸ್‌ಗಳನ್ನೂ ಅಳಿಸಲೇ ಅಂತ ಕೇಳುತ್ತದೆ. ಓದದೆ ಎಂಟರ್ ಒತ್ತುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ರೆಪೊದಿಂದ ತೆಗೆಯುವ ಮುಂಚೆ ಡಿಇಬಿ ಕಡತ (ಕಟ್ಟಿದ ಪ್ಯಾಕೇಜೇ ಅದು) ಮತ್ತು ಅದರ ಸೋರ್ಸ್ ಎರಡನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಡಿ. ಯಾವ ಕೊಂಡಿಯೂ ಇಲ್ಲದ ಕಡತಗಳನ್ನು ರೆಪ್ರೆಪ್ರೊ ತಾನೇ ಅಳಿಸುತ್ತದೆ. ಡೆಬಿಯನ್ನಿನ ಹಳೆ ಪ್ಯಾಕೇಜುಗಳಿಗೆ 2005ರಿಂದ ಈಚೆಗಿನ ಸ್ನ್ಯಾಪ್‌ಶಾಟ್ ಸಂಗ್ರಹ ಇದೆ. ನಮ್ಮ ಲ್ಯಾಬಿನದಕ್ಕೆ ನಾವೇ ಸಂಗ್ರಹ.

7. ಡೆಬಿಯನ್ನಿಗೇ ಹೇಳುವುದಿದ್ದರೆ

ನೀವೇ ಡೆಬಿಯನ್ನಿನಲ್ಲಿ ಒಂದು ಪ್ಯಾಕೇಜ್ ನೋಡಿಕೊಳ್ಳುತ್ತಿದ್ದು, ಇನ್ನು ಆಗುವುದಿಲ್ಲ ಅನಿಸಿದರೆ ಸುಮ್ಮನೆ ಮಾಯವಾಗಬೇಡಿ. ‘ರಿಪೋರ್ಟ್‌ಬಗ್’ ತೆರೆದು ‘ಡಬ್ಲ್ಯುಎನ್‌ಪಿಪಿ’ (ಆಸರೆ ಬೇಕಾದ ಪ್ಯಾಕೇಜುಗಳ ಪಟ್ಟಿ) ಹೆಸರಿಗೆ ಒಂದು ಬಗ್, ಅಂದರೆ ದೂರು, ಹಾಕಿ. ತಲೆಬರಹ ‘ಆರ್‌ಎಫ್‌ಎ’ ಅಂತ ಶುರುವಾದರೆ, ಯಾರಾದರೂ ತಗೊಳ್ಳಿ, ಅಲ್ಲಿಯವರೆಗೆ ನಾನಿದ್ದೇನೆ ಅಂತ ಅರ್ಥ. ‘ಓ’ ಅಂತ ಶುರುವಾದರೆ ಇವತ್ತಿನಿಂದ ಇದು ಅನಾಥ.

ಪೂರ್ತಿ ತೆಗೆಯಬೇಕಾದರೆ ‘ಎಫ್‌ಟಿಪಿ ಡಾಟ್ ಡೆಬಿಯನ್ ಡಾಟ್ ಆರ್ಗ್’ ಹೆಸರಿಗೆ ‘ಆರ್‌ಎಂ’ ಬಗ್. ಕಾರಣವನ್ನು ಚುಟುಕು ಗುರುತಿನಲ್ಲಿ ಬರೆಯಬೇಕು. ನೋಡಿಕೊಳ್ಳುವವರೇ ಕೇಳಿದರೆ ‘ಆರ್‌ಓಎಂ’, ಗುಣಮಟ್ಟದ ತಂಡ ಕೇಳಿದರೆ ‘ಆರ್‌ಓಕ್ಯುಎ’. ಅದಕ್ಕೂ ಮುಂಚೆ ಅದನ್ನು ನೆಚ್ಚಿಕೊಂಡ ಪ್ಯಾಕೇಜುಗಳಿಗೆಲ್ಲ ಬಗ್ ಹಾಕಿ ಬಿಡಿಸಬೇಕು. ಪೈಥಾನ್ 2 ತೆಗೆಯುವಾಗ ಹಾಗೆ ಹಾಕಿದ ಬಗ್‌ಗಳಿಗೆಲ್ಲ ‘ಪೈ2ರಿಮೂವಲ್’ ಎಂಬ ಒಂದೇ ಗುರುತು ಕೊಟ್ಟಿದ್ದರು, ಎಷ್ಟು ಉಳಿದಿದೆ ಅಂತ ಎಣಿಸಲು ಸುಲಭ. ಇದೆಲ್ಲ ನಡೆಯುವುದು ಮುಂದಿನ ಆವೃತ್ತಿಯ ತಯಾರಿ ನಡೆಯುವ ಅನ್‌ಸ್ಟೇಬಲ್‌ನಲ್ಲಿ. ಈಗಾಗಲೇ ಬಿಡುಗಡೆಯಾದ ಸ್ಟೇಬಲ್ ಇದರಿಂದ ಅಲುಗುವುದಿಲ್ಲ.

8. ಕಲ್ಲು ನೆಟ್ಟು ಕಾಯಿರಿ

ಕೊನೆಯದಾಗಿ ಹಳೆ ಕಮಾಂಡಿನ ಜಾಗದಲ್ಲಿ ಅದೇ ಹೆಸರಿನ ಮೂರು ಸಾಲಿನ ಸ್ಕ್ರಿಪ್ಟ್ ಇಡಿ. ಯಾರಾದರೂ ಹೊಡೆದರೆ ‘ಇದನ್ನು ತೆಗೆದಿದ್ದೇವೆ, ಹೊಸದರ ಹೆಸರು ಇಂಥದ್ದು’ ಅಂತ ಕನ್ನಡದಲ್ಲಿ ಹೇಳಲಿ. ಜೊತೆಗೆ ‘ಲಾಗರ್’ ಕಮಾಂಡಿನಿಂದ ಸಿಸ್ಟಮ್ ಲಾಗಿಗೆ ಒಂದು ಸಾಲು ಬರೆಯಲಿ. ಒಂದು ಪೂರ್ತಿ ಸೆಮಿಸ್ಟರ್ ಯಾರೂ ಹೊಡೆಯದಿದ್ದರೆ ಆ ಸ್ಕ್ರಿಪ್ಟನ್ನೂ ತೆಗೆಯಬಹುದು.

ಹಳೆ ಅಂಕಪಟ್ಟಿ ಪ್ರೋಗ್ರಾಂ ತೆಗೆದ ಮೇಲೆ ಬಂದ ಮೊದಲ ಇಂಟರ್ನಲ್‌ನಲ್ಲಿ 11 ಸಲ ಹೊಡೆದಿದ್ದರು. ಮುಂದಿನ ಸೆಮಿಸ್ಟರ್‌ನಲ್ಲಿ ಲಾಗಿನಲ್ಲಿ ಒಂದೇ ಸಾಲು, 14ನೇ ಸಿಸ್ಟಮ್‌ನಿಂದ. ಇನ್ನೂ ಯಾರು ಇದನ್ನು ಹೊಡೆಯುತ್ತಾರಪ್ಪ ಅಂತ ಬೈಯುತ್ತ ಯೂಸರ್ ಹೆಸರು ನೋಡಿದೆ. ನನ್ನದೇ.